ವ್ಯಾಧಿಗ್ರಸ್ತ ಮೊಲದ ಶುಶ್ರೂಷೆ

ನಂಜನಗೂಡಿಗೆ ಸಮೀಪವಾದ ತಾಂಡ್ಯದಲ್ಲಿ ನಾವು ವಾಸವಾಗಿದ್ದ ಕಾಲದಲ್ಲಿ ನಮ್ಮ ಮಕ್ಕಳು ಒಂದು ಬಿಳಿಯ ಮೊಲವನ್ನು ಸಾಕಿದ್ದರು. ಒಂದು ದಿನ ಅದು ಸೀನುತ್ತ ಮಂಕಾಗಿ ಕುಳಿತುದನ್ನು ಕಂಡು, ಮಕ್ಕಳ ಜ್ವರಕ್ಕೆಂದು ತಂದು ಮಿಕ್ಕಿದ್ದ ಅಮಾಕ್ಸಿಸಿಲಿನ್ ಔಷಧವನ್ನು ಕನಿಕರದಿಂದಲೇ ಕುಡಿಸಿದೆವು. ಮೂರನೆಯ ದಿನ ಅದಕ್ಕೆ ಭೇದಿ ಆರಂಭವಾಯಿತು. ಐದನೆಯ ದಿನ ಅದು ಸತ್ತಿತು. ರೋಗವು ಅದನ್ನು ಕೊಂದಿತೋ ನಾವು ಕೊಂದೆವೋ ಎಂದು ಮಕ್ಕಳು ಕೇಳಿದಾಗ ನಾವು ತಲೆತಗ್ಗಿಸಬೇಕಾಯಿತು. ಆ ಬಳಿಕ ಕಲಿತುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುತ್ತೇವೆ.

ಮೊಲದ ದೇಹರಚನೆಯನ್ನು ಅರಿಯದೆ ಅದರ ಶುಶ್ರೂಷೆ ಸಾಧ್ಯವಿಲ್ಲ. ಅದು ತಿಂದ ಹುಲ್ಲನ್ನು ಜೀರ್ಣಿಸುವುದರಲ್ಲಿ ಅದರ ದೊಡ್ಡ ಅಂಧಾಂತ್ರದಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳ ಪಾತ್ರವು ಹಿರಿದು. ಪೆನಿಸಿಲಿನ್ ಜಾತಿಯ ಔಷಧಗಳು ಬಾಯಿಯ ಮೂಲಕ ಒಳಹೊಕ್ಕರೆ ಈ ಉಪಕಾರಿ ಜೀವಿಗಳು ನಾಶವಾಗಿ, ವಿಷಕಾರಿಯಾದ ಬೇರೆ ಜೀವಿಗಳು ಅಲ್ಲಿ ತಲೆಯೆತ್ತುವುವು. 1929ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗರು ಪೆನಿಸಿಲಿನ್ ದ್ರವವನ್ನು ಮೊಲಕ್ಕೆ ಚುಚ್ಚಿ, ಅದರಿಂದ ಹಾನಿಯಿಲ್ಲವೆಂದು ಪ್ರಕಟಿಸಿದರು. ಇಂದಿಗೂ ಪಶುವೈದ್ಯರು ಕೆಲವು ರೋಗಗಳಲ್ಲಿ ಅದನ್ನು ಸೂಜಿಯಿಂದ ಕೊಡುವುದುಂಟು. ಹೀಗೆ ಸೂಜಿಯಿಂದ ಕೊಟ್ಟಾಗ ಉಪಕಾರಿಯಾಗುವ ಔಷಧವೇ ಬಾಯಿಂದ ಕೊಟ್ಟಾಗ ಪ್ರಾಣಾಂತಕವಾಗಬಹುದು. ಆದುದರಿಂದ ಮನುಷ್ಯರ ಔಷಧವನ್ನು ಊಹೆಯಿಂದ ಮೊಲಕ್ಕೆ ಎಂದಿಗೂ ಕೊಡಕೂಡದು.

ಬಲಿಷ್ಠ ಪ್ರಾಣಿಗಳಿಗೆ ಆಹಾರವಾಗುವ ಈ ಜೀವಿಯು ತನ್ನ ನೋವನ್ನು ಮರೆಮಾಚುವುದು. ಅದು ನರಳುವುದನ್ನು ಕಾಯುತ್ತ ಕುಳಿತರೆ ಕಾಲ ಮೀರುವುದು. ಹುಲ್ಲನ್ನು ಮುಟ್ಟದಿರುವುದು, ಹಿಕ್ಕೆಗಳು ಕಿರಿದಾಗುವುದು ಅಥವಾ ನಿಲ್ಲುವುದು, ಬೆನ್ನು ಗೂನುಮಾಡಿ ಹಲ್ಲು ಕಡಿಯುವುದು, ಇವೇ ಅದರ ಮಾತುಗಳು. ಅರ್ಧ ದಿನ ಏನನ್ನೂ ತಿನ್ನದ ಮೊಲವನ್ನು ಮರುದಿನಕ್ಕೆಂದು ತಡೆಯದೆ ನಂಜನಗೂಡಿನ ಅಥವಾ ತಿರುಮಕೂಡಲು ನರಸೀಪುರದ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಮೊಲಕ್ಕೆ ವಾಂತಿಮಾಡುವ ಶಕ್ತಿಯಿಲ್ಲ. ಅದನ್ನು ಉಪವಾಸ ಕೆಡವುವುದೂ ಸಲ್ಲದು. ಆದರೆ ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ವೈದ್ಯರು ನೋಡುವ ಮೊದಲು ಬಲವಂತವಾಗಿ ಉಣಿಸಬಾರದು.

ವೈದ್ಯರು ಔಷಧದ ಪ್ರಮಾಣವನ್ನು ಮೊಲದ ತೂಕದಿಂದ ಗೊತ್ತುಮಾಡುವರು. ಉದಾಹರಣೆಗೆ, ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ ಕೊಡಲು ಹೇಳಿದರೆ 2 ಕಿಲೋಗ್ರಾಂ ತೂಕದ ಮೊಲಕ್ಕೆ 20 ಮಿಲಿಗ್ರಾಂ ಬೇಕು. ಸೀಸೆಯ ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಇದ್ದರೆ ಕೊಡತಕ್ಕದ್ದು 0.4 ಮಿಲಿಲೀಟರು ಮಾತ್ರ. ಚಮಚದಿಂದ ಇದನ್ನು ಅಳೆಯಲಾಗದು. ಸೂಜಿಯಿಲ್ಲದ ಸಣ್ಣ ಸಿರಿಂಜು ಬೇಕು.

ಕುಡಿಸುವ ಕ್ರಮ ಹೀಗಿದೆ. ಮೊಲವನ್ನು ನೆಲದ ಮೇಲೆ ಅಥವಾ ಮಡಿಲಲ್ಲಿ ಕುಳ್ಳಿರಿಸಿ, ತಲೆಯೊಂದನ್ನು ಬಿಟ್ಟು ಉಳಿದ ಮೈಯನ್ನು ಟವಲಿನಿಂದ ಸುತ್ತಬೇಕು. ಹಿಂಗಾಲುಗಳಿಗೆ ಆಧಾರವಿರಬೇಕು, ಜೋರಾಗಿ ಒದೆದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಅಂಗಾತ ಮಲಗಿಸಿದರೆ ಅದು ಅಲುಗದೆ ಇರುವುದು ನಿಜ. ಆದರೆ ಅದು ಶಾಂತಿಯಲ್ಲ, ಭೀತಿ. ಬಾಯಿಯ ಪಕ್ಕದಲ್ಲಿ, ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ತೆರಪಿದೆ. ಅಲ್ಲಿ ಸಿರಿಂಜಿನ ತುದಿಯನ್ನಿಟ್ಟು ಹನಿಹನಿಯಾಗಿ ಬಿಡುತ್ತ, ಅದು ನುಂಗುವುದನ್ನು ನೋಡಿ ಮುಂದುವರಿಯಬೇಕು. ಅವಸರದಿಂದ ಒತ್ತಿದರೆ ಔಷಧವು ಶ್ವಾಸಕೋಶವನ್ನು ಸೇರುವುದು. ಮಾತ್ರೆಯನ್ನು ಪುಡಿಮಾಡಬಹುದೆಂದು ವೈದ್ಯರು ಒಪ್ಪಿದರೆ, ನಮ್ಮ ಸೀಮೆಯ ರಸಬಾಳೆಯ ಹಣ್ಣನ್ನು ಕಡಲೆಕಾಳಿನಷ್ಟು ಮಸೆದು ಅದರಲ್ಲಿ ಬೆರೆಸಬಹುದು, ಸಿಹಿ ಹೆಚ್ಚಾಗಬಾರದು. ಹೇಳಿದ ದಿನಗಳು ಮುಗಿಯುವವರೆಗೂ ಔಷಧವನ್ನು ನಿಲ್ಲಿಸಕೂಡದು.

ರೋಗಿಗೆ ಶುಚಿಯಾದ ನೀರು, ಹುಲ್ಲು, ನಿಶ್ಶಬ್ದವಾದ ನೆರಳು ಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಮೊಲಕ್ಕೆ ವೈರಿ. ಅದು ಬೆವರಿ ತಂಪಾಗಲಾರದು, ಬಹುಮಟ್ಟಿಗೆ ಕಿವಿಗಳಿಂದಲೇ ಶಾಖವನ್ನು ಹೊರಹಾಕುವುದು. ದಿನದಿನವೂ ತೂಕ, ಆಹಾರ, ಹಿಕ್ಕೆಗಳನ್ನು ಪುಸ್ತಕದಲ್ಲಿ ಗುರುತಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು.

ನಮ್ಮ ಮನೆಯಲ್ಲಿ ಈಗ ಮತ್ತೊಂದು ಮೊಲವಿದೆ. ಕಳೆದ ವರ್ಷ ಅದು ಹುಲ್ಲು ಬಿಟ್ಟ ದಿನ ಕಿರಿಯ ಮಗಳು ಔಷಧದ ಕಪಾಟಿನ ಬಳಿಗೆ ಹೋಗಲಿಲ್ಲ. ತಕ್ಕಡಿಯನ್ನೂ ತನ್ನ ಪುಸ್ತಕವನ್ನೂ ತಂದು, ವೈದ್ಯರಲ್ಲಿಗೆ ಹೊರಡೋಣವೆಂದಳು. ಮೊದಲನೆಯ ಮೊಲವು ತನ್ನ ಪ್ರಾಣವನ್ನಿತ್ತು ಕಲಿಸಿದ ಪಾಠವು ಎರಡನೆಯದನ್ನು ಉಳಿಸಿತು.