ಬೆಳ್ಳಿಯ ಉಳಿತಾಯ, ಬೆಳ್ಳಿಯ ಲೆಕ್ಕ



'ಬೆಳ್ಳಿ' ಎಂಬುದು ನಮ್ಮ ಅಚ್ಚಗನ್ನಡದ ಮಾತು. ಬೆಳಕು, ಬೆಳಗು, ಬೆಳದಿಂಗಳು ಇವೆಲ್ಲ ಅದರ ಬಳಗದವೇ. ಮುಂಜಾನೆ ಮೂಡುವ ಶುಕ್ರನಿಗೂ ನಾವು ಬೆಳ್ಳಿ ಚುಕ್ಕೆ ಎನ್ನುತ್ತೇವೆ. ಸಂಸ್ಕೃತದಲ್ಲಿ ಇದಕ್ಕೆ ರಜತ, ರೂಪ್ಯ ಎಂಬ ಹೆಸರುಗಳುಂಟು. ಆ 'ರೂಪ್ಯ'ದಿಂದಲೇ ನಮ್ಮ 'ರೂಪಾಯಿ' ಬಂದಿದೆ. 16ನೆಯ ಶತಮಾನದಲ್ಲಿ ಶೇರಶಹನು ಅಚ್ಚು ಹಾಕಿಸಿದ ರೂಪಾಯಿ ಬೆಳ್ಳಿಯದೇ ಆಗಿತ್ತು. ಅಂದು ಬೆಳ್ಳಿಯೇ ಹಣ, ಹಣವೇ ಬೆಳ್ಳಿ.

ಇಂದು ಹಾಗಿಲ್ಲ. ಆದರೂ ನಮ್ಮ ಜತ್ತ ತಾಲೂಕಿನ ಮನೆಗಳಲ್ಲಿ ಬೆಳ್ಳಿಯ ಮೇಲಿನ ನಂಬಿಗೆ ಕಡಿಮೆಯಾಗಿಲ್ಲ. ಮಗುವಿಗೆ ಉಡಿದಾರ, ಮಗಳಿಗೆ ಕಾಲ್ಗೆಜ್ಜೆ, ಸೊಸೆಗೆ ಕಾಲುಂಗುರ, ಇಷ್ಟಲಿಂಗಕ್ಕೆ ಕರಡಿಗೆ, ದೀಪಾವಳಿಯ ಪೂಜೆಗೆ ಒಂದು ನಾಣ್ಯ. ಮಳೆ ಕೈಕೊಟ್ಟ ವರ್ಷ ಇವೇ ಪೇಟೆಗೆ ಹೋಗುತ್ತವೆ. ದ್ರಾಕ್ಷಿಯ, ದಾಳಿಂಬೆಯ, ಕುರಿಯ ಹಣ ಕೈಗೆ ಬಂದಾಗ ಬೆಳ್ಳಿ ಕೊಳ್ಳಬಹುದೇ ಎಂಬುದು ಅನೇಕ ಪಾಲಕರ ಪ್ರಶ್ನೆ. ಕೊಳ್ಳಬಹುದು, ಆದರೆ ಲೆಕ್ಕ ತಿಳಿದು ಕೊಳ್ಳಬೇಕು. ಆ ಲೆಕ್ಕವನ್ನು ಈ ಪಾಠದಲ್ಲಿ ನೋಡೋಣ.

ಒಡವೆ, ನಾಣ್ಯ, ಗಟ್ಟಿ

ಬೆಳ್ಳಿಯನ್ನು ಮೂರು ರೂಪದಲ್ಲಿ ಕೊಳ್ಳುವುದುಂಟು. ಮೊದಲನೆಯದು ಒಡವೆ. ಕೊಲ್ಲಾಪುರ ಜಿಲ್ಲೆಯ ಹುಪರಿ ಊರು ಬೆಳ್ಳಿ ಒಡವೆಗಳಿಗೆ ಹೆಸರಾದುದು. ಒಡವೆಯಲ್ಲಿ ಕುಶಲ ಕೈಗಳ ಶ್ರಮವಿದೆ. ಅದಕ್ಕೆ ಮಜೂರಿ ಕೊಡುವುದು ನ್ಯಾಯ. ಆದರೆ ಮಾರುವಾಗ ಆ ಮಜೂರಿ ಮರಳಿ ಬರುವುದಿಲ್ಲ. ಆದುದರಿಂದ ಒಡವೆಯನ್ನು ತೊಡುವುದಕ್ಕಾಗಿ ಕೊಳ್ಳಬೇಕು. ಅದನ್ನೇ ಪೂರ್ಣ ಉಳಿತಾಯವೆಂದು ತಿಳಿಯಬಾರದು.

ಎರಡನೆಯದು ನಾಣ್ಯ, ಮೂರನೆಯದು ಗಟ್ಟಿ. ಇವುಗಳ ಮೇಲೆ ಸಾಮಾನ್ಯವಾಗಿ 999 ಎಂದು ಒತ್ತಿರುತ್ತಾರೆ. ಸಾವಿರ ಪಾಲಿನಲ್ಲಿ 999 ಪಾಲು ಬೆಳ್ಳಿ ಎಂಬುದು ಇದರ ಅರ್ಥ. 925 ಎಂದಿದ್ದರೆ 75 ಪಾಲು ಬೇರೆ ಲೋಹ, ಹೆಚ್ಚಾಗಿ ತಾಮ್ರ. 10 ಗ್ರಾಮಿನ ಹತ್ತು ನಾಣ್ಯಗಳಿಗಿಂತ 100 ಗ್ರಾಮಿನ ಒಂದು ಗಟ್ಟಿ ಸಾಮಾನ್ಯವಾಗಿ ಅಗ್ಗ, ಏಕೆಂದರೆ ಅಚ್ಚು ಹಾಕುವ ಖರ್ಚು ಒಂದೇ ಸಲ ಬೀಳುತ್ತದೆ. ಆದರೆ ಚಿಕ್ಕ ಅಡಚಣೆ ಬಂದಾಗ ಎರಡು ನಾಣ್ಯ ಮಾರಿ ಎಂಟನ್ನು ಉಳಿಸಿಕೊಳ್ಳಬಹುದು. ಗಟ್ಟಿಯನ್ನು ಹಾಗೆ ಮುರಿಯಲಾಗದು. ಮನೆಯ ಅಗತ್ಯ ನೋಡಿ ಆಯ್ದುಕೊಳ್ಳಬೇಕು.

ಶುದ್ಧತೆಯ ಲೆಕ್ಕ

ಒಟ್ಟು ತೂಕವನ್ನು ಶುದ್ಧತೆಯಿಂದ ಗುಣಿಸಿದರೆ ನಿಜವಾದ ಬೆಳ್ಳಿ ಎಷ್ಟೆಂದು ತಿಳಿಯುತ್ತದೆ. ಈ ಶುದ್ಧತೆಗೇ ಪೇಟೆಯಲ್ಲಿ 'ಟಂಚ' ಎನ್ನುವರು. 100 ಗ್ರಾಂ ಗೆಜ್ಜೆಯ ಶುದ್ಧತೆ ನೂರಕ್ಕೆ 70 ಇದ್ದರೆ ಬೆಳ್ಳಿ 70 ಗ್ರಾಂ ಮಾತ್ರ. 100 ಗ್ರಾಮಿಗೂ ಬೆಳ್ಳಿಯ ದರ ಕೊಟ್ಟು ಬಂದರೆ 30 ಗ್ರಾಂ ತಾಮ್ರವನ್ನು ಬೆಳ್ಳಿಯ ಬೆಲೆಗೆ ಕೊಂಡಂತಾಯಿತು.

ಅಜ್ಜಿಯ ಪೆಟ್ಟಿಗೆಯ ಹಳೆಯ ರೂಪಾಯಿಗಳಿಗೂ ಇದೇ ಲೆಕ್ಕ. ಬ್ರಿಟಿಷರ ಕಾಲದ ರೂಪಾಯಿಯ ತೂಕ ಒಂದು ತೊಲೆ, ಎಂದರೆ 11.66 ಗ್ರಾಂ. 1939ರ ವರೆಗಿನ ನಾಣ್ಯದಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಅದನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಂತೂ ನಿಕ್ಕಲ್ಲಿನದು. ಹೀಗಾಗಿ ಮೊದಲ ಬಗೆಯ 12 ನಾಣ್ಯಗಳಲ್ಲಿ ಸುಮಾರು 128 ಗ್ರಾಂ ಬೆಳ್ಳಿ ಇದ್ದರೆ, ಎರಡನೆಯ ಬಗೆಯ 12ರಲ್ಲಿ ಸುಮಾರು 70 ಗ್ರಾಂ. ತೂಕ ಒಂದೇ, ಇಸವಿ ಓದಿದವನಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಅಪರೂಪದ ಇಸವಿಯ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಕೊಡುವುದೂ ಉಂಟು. ಆದುದರಿಂದ ಅಂಥವನ್ನು ತಿಕ್ಕಿ ಬೆಳಗಬಾರದು, ವಿಚಾರಿಸದೆ ಕರಗಿಸಲೂಬಾರದು.

ಪರೀಕ್ಷಿಸುವ ಬಗೆ

ಬೆಳ್ಳಿಯ ಸಾಂದ್ರತೆ ಸುಮಾರು 10.5. ಎಂದರೆ 105 ಗ್ರಾಂ ಶುದ್ಧ ಬೆಳ್ಳಿಯು ಅಳತೆಯ ಪಾತ್ರೆಯಲ್ಲಿ ನೀರನ್ನು 10 ಮಿಲಿಲೀಟರಿನಷ್ಟು ಏರಿಸುತ್ತದೆ. ತಾಮ್ರ ಬೆರೆತಿದ್ದರೆ ನೀರು ಹೆಚ್ಚು ಏರುತ್ತದೆ. ವಿಜ್ಞಾನದ ತರಗತಿಯ ಆರ್ಕಿಮಿಡೀಸನು ಪೇಟೆಯಲ್ಲಿಯೂ ಉಪಯೋಗಕ್ಕೆ ಬರುವನು! ಅಯಸ್ಕಾಂತ ಹಿಡಿದರೆ ಅದಕ್ಕೆ ಅಂಟಿಕೊಳ್ಳುವ ವಸ್ತು ಬೆಳ್ಳಿಯಲ್ಲ. ಆದರೆ ತಾಮ್ರ, ಹಿತ್ತಾಳೆ, ಸೀಸಗಳೂ ಅಂಟುವುದಿಲ್ಲ ಎಂಬುದನ್ನು ಮರೆಯಬಾರದು. ಒಳಗೆ ಬೇರೆ ಲೋಹವಿಟ್ಟು ಮೇಲೆ ಬೆಳ್ಳಿ ಲೇಪಿಸಿದ ಗಟ್ಟಿಗಳೂ ಇರುವುದರಿಂದ ಕೊನೆಯ ಮಾತು ಪರೀಕ್ಷಾ ಕೇಂದ್ರದ್ದೇ.

ಕರಗಿಸಿ ಶುದ್ಧ ಮಾಡುವುದೇ ಒಂದು ವಿದ್ಯೆ. ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನಮ್ಮ ಸಾಂಗಲಿ ಜಿಲ್ಲೆಯದೇ ಆದ ಖಾನಾಪುರ, ಆಟಪಾಡಿ ತಾಲೂಕುಗಳ ಜನ ಬರಗಾಲಕ್ಕೆ ಊರು ಬಿಟ್ಟು ಈ 'ಗಲಾಯಿ' ಕಸಬನ್ನು ಕೈಗೊಂಡು, ಭಾರತದ ದೂರದೂರದ ಪೇಟೆಗಳಲ್ಲಿ ನೆಲೆಸಿದ್ದಾರೆ. ನೆರೆಯ ಒಣನೆಲದ ಮಕ್ಕಳು ಲೋಹದ ಗುಣ ಅರಿತು ಬಾಳು ಕಟ್ಟಿಕೊಂಡರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಒಡವೆ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ನೋಡಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿ ಒಡವೆಗಳಿಗೂ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಹಾಕುವ ಕ್ರಮ ಆರಂಭವಾಯಿತು. ಆರಂಭದಲ್ಲಿ ಅದನ್ನು ಐಚ್ಛಿಕವಾಗಿ ಇಟ್ಟರು. ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ಮೊಬೈಲಿನಲ್ಲಿಯೇ ತಾಳೆ ನೋಡಬಹುದು. ನಾಣ್ಯ, ಗಟ್ಟಿಗಳ ಮೇಲೆ ತಯಾರಿಸಿದವರ ಹೆಸರು, ತೂಕ, ಶುದ್ಧತೆ ಇರಬೇಕು. ತೂಕ, ಶುದ್ಧತೆ, ದರ, ಮಜೂರಿ ಬೇರೆಬೇರೆಯಾಗಿ ಬರೆದ ಪಾವತಿ ಪಡೆಯದೆ ಅಂಗಡಿಯ ಮೆಟ್ಟಿಲು ಇಳಿಯಬಾರದು.

ಕೊಳ್ಳುವ ಬೆಲೆ, ಮಾರುವ ಬೆಲೆ

ಲೆಕ್ಕದ ಅನುಕೂಲಕ್ಕಾಗಿ ಗ್ರಾಮಿಗೆ 100 ರೂಪಾಯಿ ಎಂದು ಹಿಡಿಯೋಣ. 100 ಗ್ರಾಂ ನಾಣ್ಯಗಳ ಬೆಲೆ 10,000. ಅಚ್ಚಿನ ಖರ್ಚು 600 ಎಂದುಕೊಳ್ಳೋಣ. ಇದರ ಮೇಲೆ ನೂರಕ್ಕೆ 3ರಂತೆ ಸರಕು ಮತ್ತು ಸೇವಾ ತೆರಿಗೆ 318. ನಾವು ಕೊಟ್ಟುದು 10,918 ರೂಪಾಯಿ. ಅದೇ ದಿನ ಮಾರಿದರೆ, ಕೊಳ್ಳುವವರು ನೂರಕ್ಕೆ 3 ಕಡಿತ ಮಾಡಿದರೂ ಕೈಗೆ ಬರುವುದು 9,700. ಹಾಕಿದಷ್ಟು ಮರಳಿ ಬರಬೇಕಾದರೆ ದರವು 100ರಿಂದ ಸುಮಾರು 112 ರೂಪಾಯಿ 56 ಪೈಸೆಗೆ ಏರಬೇಕು. ಆರು ತಿಂಗಳಲ್ಲಿ ಬೇಕಾಗುವ ಶಾಲೆಯ ಫೀಯನ್ನು, ಬಿತ್ತನೆಯ ಹಣವನ್ನು ಬೆಳ್ಳಿಯಲ್ಲಿ ಇಡಬಾರದು ಎನ್ನುವುದು ಇದಕ್ಕಾಗಿಯೇ.

ದರವು ಏರಿದಂತೆ ಇಳಿಯುವುದೂ ಉಂಟು. ಅಮೇರಿಕದ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿ ರಾಶಿಯಾಗಿ ಕೊಂಡ ಕಾಲದಲ್ಲಿ, 1979ರ ಆರಂಭಕ್ಕೆ ಔನ್ಸಿಗೆ ಸುಮಾರು 6 ಡಾಲರು ಇದ್ದ ಬೆಲೆ 1980ರ ಜನೆವರಿಯಲ್ಲಿ 50 ಡಾಲರಿನ ಸಮೀಪಕ್ಕೆ ಹೋಯಿತು. ಅದೇ ಮಾರ್ಚ್ 27ರಂದು 11 ಡಾಲರಿನ ಕೆಳಗೆ ಕುಸಿಯಿತು. ಮತ್ತೆ 50ರ ಹತ್ತಿರ ಬರಲು 2011ರ ವರೆಗೆ, ಎಂದರೆ 31 ವರ್ಷ ಕಾಯಬೇಕಾಯಿತು! 2025ರ ಅಕ್ಟೋಬರಿನಲ್ಲಿ ಅದು 50ನ್ನು ದಾಟಿತು. ಸೌರಫಲಕ, ವಿದ್ಯುತ್ ಉಪಕರಣಗಳಿಗೆ ಬೆಳ್ಳಿ ಬೇಕಾಗಿರುವುದರಿಂದ ಕಾರ್ಖಾನೆಗಳ ಬೇಡಿಕೆಯೂ ಈ ಏರಿಳಿತದಲ್ಲಿ ಸೇರಿಕೊಂಡಿದೆ. ಊರೆಲ್ಲ ಬೆಳ್ಳಿಯ ಮಾತನ್ನೇ ಆಡುವಾಗ ಸಾಲ ಮಾಡಿ ಕೊಳ್ಳುವುದು ಜಾಣತನವಲ್ಲ.

ಕಾಪಾಡುವುದು ಮತ್ತು ಅಡವು

ಗಾಳಿಯಲ್ಲಿರುವ ಗಂಧಕದ ಅಂಶದಿಂದ ಬೆಳ್ಳಿ ಕಪ್ಪಾಗುತ್ತದೆ. ಅದರಿಂದ ಅದು ಕೆಟ್ಟಿತೆಂದು ಹೆದರಬೇಕಿಲ್ಲ. ಬೂದಿ ಹಾಕಿ ಜೋರಾಗಿ ತಿಕ್ಕಿದರೆ ಮಾತ್ರ ಬೆಳ್ಳಿಯೇ ಸವೆಯುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡುವುದು ಒಳಿತು.

ರಿಜರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಜಾರಿಗೆ ಬರಬೇಕೆಂದ ನಿಯಮಗಳಂತೆ, ಒಬ್ಬ ಸಾಲಗಾರನಿಂದ 10 ಕಿಲೋದ ವರೆಗೆ ಬೆಳ್ಳಿ ಒಡವೆ, 500 ಗ್ರಾಮಿನ ವರೆಗೆ ಬೆಳ್ಳಿ ನಾಣ್ಯ ಅಡವು ಹಿಡಿದು ಸಾಲ ಕೊಡಬಹುದು. ಗಟ್ಟಿಯ ಮೇಲೆ ಸಾಲವಿಲ್ಲ. ಕಷ್ಟಕಾಲಕ್ಕೆ ಅಡವಿಡುವ ಉದ್ದೇಶವಿದ್ದವರು ಇದನ್ನು ನೆನಪಿಡಬೇಕು.

ಕೊನೆಯ ಮಾತು

ನಮ್ಮ ಮಾಡಗ್ಯಾಳದ ಕುರಿ ಮರಿ ಹಾಕುತ್ತದೆ. ಅಂಚೆ ಕಚೇರಿಯ ಠೇವಣಿ ಬಡ್ಡಿ ತರುತ್ತದೆ. ಬೆಳ್ಳಿ ಇಟ್ಟಲ್ಲಿಯೇ ಇರುತ್ತದೆ. ಅದು ದುಡಿಯುವ ಎತ್ತಲ್ಲ, ಹಗೇವಿನ ಜೋಳ. ಹಗೇವು ಬೇಕು, ಆದರೆ ಬಿತ್ತುವ ಬೀಜವನ್ನೂ ಹಗೇವಿಗೆ ಹಾಕಿದರೆ ಮುಂದಿನ ವರ್ಷ ಉಣ್ಣುವುದೇನು? ಮೊದಲು ಬಡ್ಡಿಯ ಸಾಲ ತೀರಿಸಬೇಕು, ಬಳಿಕ ಮಕ್ಕಳ ಓದಿನ ಹಣವನ್ನು ಬೇರೆಯಾಗಿ ತೆಗೆದಿಡಬೇಕು. ಉಳಿದುದರಲ್ಲಿ ಒಂದು ಪಾಲನ್ನು, ಒಮ್ಮೆಲೇ ಅಲ್ಲದೆ ವರ್ಷಕ್ಕಿಷ್ಟು ಎಂದು, ಬೆಳ್ಳಿಗೆ ಹಾಕಬಹುದು. ಬರಗಾಲದಲ್ಲಿ ಮಾರುವವನಿಗೆ ಆತುರ, ಕೊಳ್ಳುವವನಿಗೆ ನಿಧಾನ. ತೂಕ ಮತ್ತು ಶುದ್ಧತೆಯನ್ನು ಬರೆದಿಟ್ಟುಕೊಂಡ ಮನೆಯವರನ್ನು ಆಗಲೂ ಯಾರೂ ಸುಲಭವಾಗಿ ಮೋಸಗೊಳಿಸಲಾರರು.

ಅಭ್ಯಾಸ

1. 150 ಗ್ರಾಂ ಗೆಜ್ಜೆಯ ಶುದ್ಧತೆ ನೂರಕ್ಕೆ 60 ಇದ್ದರೆ ಅದರಲ್ಲಿ ಬೆಳ್ಳಿ ಎಷ್ಟು?
2. 210 ಗ್ರಾಮಿನ ಗಟ್ಟಿಯೊಂದು ನೀರನ್ನು 23 ಮಿಲಿಲೀಟರು ಏರಿಸಿತು. ಅದು ಶುದ್ಧ ಬೆಳ್ಳಿಯೇ? ಕಾರಣ ಬರೆಯಿರಿ.
3. ತಾಯಿ-ತಂದೆಯರ ಜೊತೆ ಕುಳಿತು ಮನೆಯ ಬೆಳ್ಳಿ ವಸ್ತುಗಳ ತೂಕ, ಶುದ್ಧತೆ, ಕೊಂಡ ವರ್ಷಗಳ ಪಟ್ಟಿ ಮಾಡಿ ಮನೆಯಲ್ಲಿಯೇ ಜೋಪಾನವಾಗಿಡಿರಿ. ಅದನ್ನು ಶಾಲೆಗೆ ತರಬೇಕಾಗಿಲ್ಲ.