ರಾತ್ರಿ ಓಡಿದ ಮೀಟರ್

ನಮ್ಮ ಕಾಲೇಜಿನ ಕರೆಂಟ್ ಬಿಲ್ ಒಂದು ತಿಂಗಳು ಜಾಸ್ತಿ ಬಂತು. ಎಲ್ಲರ ಬೆರಳೂ ಅಟೆಂಡರ್ ಚಾಚಾ ಕಡೆಗೆ ತಿರುಗಿತು. "ಸಂಜೆ ಫ್ಯಾನ್ ಆರಿಸದೆ ಬೀಗ ಹಾಕುತ್ತಾರೆ" ಎಂದು ಆಫೀಸಿಗೆ ದೂರು ಬರೆದುಕೊಟ್ಟವರಲ್ಲಿ ನಾನೂ ಒಬ್ಬಳು. ಅದನ್ನು ಓದಿದ ಭೌತಶಾಸ್ತ್ರದ ಸರ್ ನನ್ನನ್ನು ಕರೆದು, "ಅಳೆದು ನೋಡಿದ್ದೀಯೇನಮ್ಮಾ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಈ ಪಾಠ ಶುರುವಾದದ್ದು ಹಾಗೆ.

ಮೊದಲ ಹೆಜ್ಜೆ: ರೀಡಿಂಗ್

1000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಜೌಲ್ ಲೆಕ್ಕದಲ್ಲಿ 36 ಲಕ್ಷ. ಬೆಸ್ಕಾಂ ಬಿಲ್ಲಿನಿಂದ ತಿಂಗಳ ಒಟ್ಟು ಯೂನಿಟ್ ಗೊತ್ತಾಗುತ್ತದೆ. ಯಾವ ಹೊತ್ತಿನಲ್ಲಿ ಎಷ್ಟು ಖರ್ಚಾಯಿತು ಎಂಬುದು ಗೊತ್ತಾಗುವುದಿಲ್ಲ. ಆದ್ದರಿಂದ ನಾವು ನಾಲ್ವರು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮತ್ತು ಸಂಜೆ 4.30ಕ್ಕೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯತೊಡಗಿದೆವು.

ಯಾರೂ ಇಲ್ಲದ ರಾತ್ರಿಯ 16 ಗಂಟೆಗಳಲ್ಲಿ 10 ಯೂನಿಟ್ ಹೋಗುತ್ತಿತ್ತು. 75 ವ್ಯಾಟ್‌ನ ಒಂದು ಹಳೇ ಫ್ಯಾನ್ 16 ಗಂಟೆ ತಿರುಗಿದರೆ 1.2 ಯೂನಿಟ್. ಅಂದರೆ ಸುಮಾರು ಎಂಟು ಫ್ಯಾನ್! ನಾನು ಹೇಳಿದ್ದೇ ಸರಿ ಎಂದು ಒಳಗೊಳಗೇ ಬೀಗಿದೆ.

ಎರಡನೇ ಹೆಜ್ಜೆ: ಪರೀಕ್ಷೆ

ಶನಿವಾರ ಸಂಜೆ ನಾವೇ ಚಾಚಾ ಜೊತೆ ಒಂದೊಂದು ಕೋಣೆಗೂ ಹೋದೆವು. ಎಲ್ಲ ಸ್ವಿಚ್ ಆಫ್ ಆಗಿತ್ತು. ಆದರೂ ಸೋಮವಾರ ಬೆಳಿಗ್ಗೆಗೆ, 40 ಗಂಟೆಗಳಲ್ಲಿ, 25 ಯೂನಿಟ್ ಏರಿತ್ತು. ಅದೇ ವೇಗ. ತಪ್ಪು ಫ್ಯಾನಿನದಲ್ಲ, ಚಾಚಾ ಅವರದೂ ಅಲ್ಲ.

ಮರುದಿನ ಸಂಜೆ ಸರ್ ನಮ್ಮನ್ನು ಮೀಟರ್ ಮುಂದೆ ನಿಲ್ಲಿಸಿದರು. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದು ಮೀಟರಿನ ಮೇಲೇ ಬರೆದಿರುತ್ತದೆ. ನಮ್ಮದರಲ್ಲಿ 1600. ಅಂದರೆ ಒಂದು ಮಿನುಗಿಗೆ 2250 ಜೌಲ್. ಮೊದಲು ದೀಪ ಅರ್ಧ ನಿಮಿಷಕ್ಕೊಮ್ಮೆ ಮಿನುಗುತ್ತಿತ್ತು. ಇದ್ದಕ್ಕಿದ್ದಂತೆ 15 ಸೆಕೆಂಡಿನಲ್ಲಿ 20 ಸಲ ಮಿನುಗಿತು. 20 × 2250 ÷ 15 = 3000 ವ್ಯಾಟ್!

ಅಷ್ಟು ಎಳೆಯುವುದು ನಮ್ಮಲ್ಲಿ ಒಂದೇ: ಮೂರು ಎಚ್‌ಪಿ ಬೋರ್‌ವೆಲ್ ಮೋಟರ್. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ಅದು ತಾನಾಗಿಯೇ ಆನ್ ಆಗುತ್ತದೆ. ನೀರು ಇಳಿಯುತ್ತಿದ್ದುದು ಏಕೆ? ಎರಡು ಶೌಚಾಲಯಗಳ ಫ್ಲಶ್ ಟ್ಯಾಂಕ್ ಕೆಟ್ಟು, ರಾತ್ರಿಯಿಡೀ ಸದ್ದಿಲ್ಲದೆ ನೀರು ಹರಿಯುತ್ತಿತ್ತು. ಮೋಟರ್ ರಾತ್ರಿ ಒಟ್ಟು ಮೂರು ಗಂಟೆ ಓಡಿದರೆ 9 ಯೂನಿಟ್. ಲೆಕ್ಕ ಕೂಡಿಬಂತು. ಪ್ಲಂಬರ್ ಬಂದು ರಿಪೇರಿ ಮಾಡಿದ ಮೇಲೆ ರಾತ್ರಿಯ ಖರ್ಚು ಒಂದು ಯೂನಿಟ್‌ಗಿಂತ ತುಸು ಹೆಚ್ಚು, ಅಷ್ಟೇ. ಅದು ಗೇಟಿನ ದೀಪ ಮತ್ತು ಸಿಸಿಟಿವಿಯದು.

ನಮ್ಮ ಮೀಟರಿಗೆ ಕಾಣದ ಕರೆಂಟ್

ನಮ್ಮ ಸುದ್ದಗುಂಟೆಪಾಳ್ಯದ ನಲ್ಲಿಗಳಿಗೆ ಬರುವ ಕಾವೇರಿ ನೀರಿಗೂ ಇದೇ ಲೆಕ್ಕ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್‌ನಷ್ಟು ಎತ್ತರಕ್ಕೆ ಅದನ್ನು ಪಂಪ್ ಮಾಡಿ ತರುತ್ತಾರೆ. 1000 ಲೀಟರ್ ನೀರನ್ನು ಅಷ್ಟು ಮೇಲೆತ್ತಲು 1000 × 9.8 × 500 = 49 ಲಕ್ಷ ಜೌಲ್, ಅಂದರೆ ಸುಮಾರು 1.36 ಯೂನಿಟ್ ಬೇಕು. ಪಂಪು, ಪೈಪುಗಳಲ್ಲಿ ಆಗುವ ನಷ್ಟ ಬೇರೆ. ಸೋರುವ ನಲ್ಲಿ ಎಂದರೆ ಸೋರುವ ಕರೆಂಟ್ ಕೂಡ.

ಬೇರೆ ಕಟ್ಟಡಗಳಲ್ಲಿ

ಸರ್ಕಾರಿ ಶಾಲೆ, ವಾರ್ಡ್ ಕಚೇರಿ, ಗ್ರಂಥಾಲಯ, ಎಲ್ಲಿಯೂ ಈ ಕ್ರಮ ನಡೆಯುತ್ತದೆ.

1. ಕಟ್ಟಡ ಖಾಲಿಯಾದಾಗ ಮತ್ತು ತೆರೆಯುವಾಗ ರೀಡಿಂಗ್ ಬರೆಯಿರಿ. ರಜಾದಿನದ ಲೆಕ್ಕ ಬೇರೆ ಇಡಿ.

2. ವರ್ಷದ ಯೂನಿಟ್‌ಗಳನ್ನು ಕಟ್ಟಡದ ಚದರ ಮೀಟರ್‌ಗಳಿಂದ ಭಾಗಿಸಿ. ಆಗ ಒಂದೇ ಬಗೆಯ ಚಿಕ್ಕ ಕಟ್ಟಡವನ್ನೂ ದೊಡ್ಡ ಕಟ್ಟಡವನ್ನೂ ಹೋಲಿಸಬಹುದು.

3. ಮೊದಲು ಪೋಲು ನಿಲ್ಲಿಸಿ, ಆಮೇಲೆ ಹೊಸದು ಕೊಳ್ಳಿ. 75 ವ್ಯಾಟ್‌ನ ಫ್ಯಾನ್ ಬದಲು ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್, ಚೋಕ್ ಸೇರಿ 50 ವ್ಯಾಟ್ ಎಳೆಯುವ ಹಳೇ ಟ್ಯೂಬ್‌ಲೈಟ್ ಬದಲು 20 ವ್ಯಾಟ್‌ನ ಎಲ್‌ಇಡಿ ಹಾಕಬಹುದು.

4. ಮೀಟರ್ ಬೋರ್ಡನ್ನು ಮುಟ್ಟಬೇಡಿ. ಕಣ್ಣಿನಿಂದ ನೋಡಿದರೆ ಸಾಕು.

ನಮ್ಮ ದೇಶದಲ್ಲಿ ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಬಂತು. ಪ್ರತಿ ವರ್ಷ ಡಿಸೆಂಬರ್ 14ರಂದು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ ಆಚರಿಸುತ್ತೇವೆ, ಭಿತ್ತಿಪತ್ರ ಬರೆಯುತ್ತೇವೆ. ಅದರ ಜೊತೆಗೆ ಒಂದು ರೀಡಿಂಗ್ ಪುಸ್ತಕವೂ ಇರಲಿ.

ನಾನು ದೂರನ್ನು ವಾಪಸ್ ಪಡೆದು ಚಾಚಾ ಬಳಿ ಕ್ಷಮೆ ಕೇಳಿದೆ. "ಹೋಗಲಿ ಬೇಟಿ, ಆ ರೀಡಿಂಗ್ ನೋಡೋದು ನನಗೂ ಹೇಳಿಕೊಡು" ಎಂದರು. ಈಗ ಸಂಜೆಯ ರೀಡಿಂಗ್ ಬರೆಯುವವರು ಅವರೇ. ಬೆಳಗಿನದಕ್ಕೆ ಪ್ರಥಮ ಪಿಯುಸಿಯ ಇಬ್ಬರು ಬೇಕಾಗಿದ್ದಾರೆ. ಆಸಕ್ತಿ ಇರುವವರು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹೆಸರು ಕೊಡಿ.