ಕಂಡವರು ಯಾರು?

ನಮಗೆ ತಿಳಿದಿರುವ ವಿಷಯಗಳಲ್ಲಿ ನಾವು ಸ್ವತಃ ಕಣ್ಣಾರೆ ಕಂಡದ್ದು ತೀರಾ ಅಲ್ಪ. ಉಳಿದುದೆಲ್ಲವೂ ಇತರರ ಬಾಯಿಯಿಂದ, ಪತ್ರಿಕೆಯಿಂದ, ರೇಡಿಯೋ ಮತ್ತು ಟಿ.ವಿ.ಯಿಂದ, ಇಂದಿನ ದಿನಗಳಲ್ಲಿ ಕೈಯಲ್ಲಿರುವ ಮೊಬೈಲಿನಿಂದ ನಮ್ಮನ್ನು ತಲಪಿದ್ದು. ಆದ್ದರಿಂದ ಸುದ್ದಿಯನ್ನು ಎಲ್ಲಿಂದ ಪಡೆಯಬೇಕು, ಪಡೆದುದನ್ನು ಏನು ಮಾಡಬೇಕು ಎಂಬುದು ಕೇವಲ ಲೋಕಜ್ಞಾನದ ಪ್ರಶ್ನೆಯಲ್ಲ. ಅದು ಇತರರ ಪ್ರಾಣ ಮತ್ತು ಮಾನಕ್ಕೆ ಸಂಬಂಧಿಸಿದ ಪ್ರಶ್ನೆ. ಸತ್ಯವಿಶ್ವಾಸಿಗಂತೂ ಅದು ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದ ಪ್ರಶ್ನೆಯೂ ಆಗಿದೆ.

ಉಮರ್‌(ರ)ರ ಬಾಗಿಲು ತಟ್ಟಿದ ಸುದ್ದಿ

ಹ. ಉಮರ್(ರ) ಮದೀನಾದ ಹೊರವಲಯದ ಎತ್ತರದ ಪ್ರದೇಶದಲ್ಲಿ ವಾಸವಾಗಿದ್ದರು. ಪ್ರತಿದಿನವೂ ಪ್ರವಾದಿವರ್ಯರ(ಸ) ಸನ್ನಿಧಿಗೆ ಹೋಗುವುದು ಕಷ್ಟವಾಗಿತ್ತು. ಆದ್ದರಿಂದ ಅವರು ಮತ್ತು ನೆರೆಮನೆಯ ಓರ್ವ ಅನ್ಸಾರಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಒಂದು ದಿನ ಇವರು ಹೋದರೆ ಮರುದಿನ ಅವರು. ಹೋದವರು ಅಂದಿನ ದಿವ್ಯವಾಣಿ ಮತ್ತು ಇತರ ವಾರ್ತೆಗಳನ್ನು ಕೇಳಿ ಬಂದು ಇನ್ನೊಬ್ಬರಿಗೆ ತಿಳಿಸುತ್ತಿದ್ದರು. ಇಮಾಮ್ ಬುಖಾರಿಯವರು ಈ ವೃತ್ತಾಂತವನ್ನು ಜ್ಞಾನದ ಅಧ್ಯಾಯದಲ್ಲಿಯೇ ಸೇರಿಸಿದ್ದಾರೆ.

ಒಂದು ರಾತ್ರಿ ಆ ನೆರೆಯವರು ಬಂದು ಬಾಗಿಲನ್ನು ಜೋರಾಗಿ ಬಡಿದರು. ಗಸ್ಸಾನಿಗಳು ದಂಡೆತ್ತಿ ಬರುವರೆಂಬ ಭಯ ಆಗ ಮದೀನಾದಲ್ಲಿತ್ತು. ಅವರು ಬಂದೇ ಬಿಟ್ಟರೇ ಎಂದು ಉಮರ್(ರ) ಕೇಳಿದರು. ಅದಕ್ಕಿಂತಲೂ ದೊಡ್ಡ ಸಂಗತಿ, ಪ್ರವಾದಿವರ್ಯರು(ಸ) ತಮ್ಮ ಪತ್ನಿಯರಿಗೆ ವಿಚ್ಛೇದನ ನೀಡಿದ್ದಾರೆ ಎಂದು ನೆರೆಯವರು ಹೇಳಿದರು. ಆ ಪತ್ನಿಯರಲ್ಲಿ ಉಮರ್‌(ರ)ರ ಪುತ್ರಿ ಹ. ಹಫ್ಸಾ(ರ) ಕೂಡಾ ಇದ್ದರು!

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಸುದ್ದಿ ತಂದವರು ಅಪರಿಚಿತರಲ್ಲ, ಸುಳ್ಳುಗಾರರೂ ಅಲ್ಲ. ದಿವ್ಯವಾಣಿಯ ವಿಷಯದಲ್ಲಿಯೇ ಉಮರ್(ರ) ಅವರನ್ನು ನಂಬಿದ್ದರು. ಆದರೂ ಅವರು ಈ ಸುದ್ದಿಯನ್ನು ಮುಂದಿನ ಮನೆಗೆ ಒಯ್ಯಲಿಲ್ಲ. ಮಗಳ ಬಳಿಗೆ ಹೋಗಿ ವಿಚಾರಿಸಿದರು. ಅವಳು ಅಳುತ್ತಿದ್ದಳು. ವಿಚ್ಛೇದನವಾಗಿದೆಯೇ ಎಂಬುದು ಅವಳಿಗೇ ತಿಳಿದಿರಲಿಲ್ಲ. ಮಸೀದಿಗೆ ಬಂದರು. ಅಲ್ಲಿ ಮಿಂಬರ್‌ನ ಸುತ್ತ ಕುಳಿತಿದ್ದವರಲ್ಲಿ ಕೆಲವರು ಅಳುತ್ತಿದ್ದರು. ಆ ಅಳುವನ್ನೂ ಅವರು ಪುರಾವೆಯೆಂದು ತಿಳಿಯಲಿಲ್ಲ. ಪ್ರವಾದಿವರ್ಯರು(ಸ) ತಂಗಿದ್ದ ಮಾಳಿಗೆಯ ಬಳಿಗೆ ಹೋಗಿ ಪ್ರವೇಶಕ್ಕೆ ಅನುಮತಿ ಕೋರಿದರು. ಉತ್ತರ ಬರಲಿಲ್ಲ. ಪುನಃ ಕೋರಿದರು. ಮೂರನೆಯ ಬಾರಿ ಕೋರಿದ ಬಳಿಕ ಅನುಮತಿ ದೊರೆಯಿತು. ಒಳಗೆ ಹೋಗಿ ನೇರವಾಗಿಯೇ ಕೇಳಿದರು. ಪ್ರವಾದಿವರ್ಯರು(ಸ) ಇಲ್ಲವೆಂದರು. ಸಹೀಹ್ ಮುಸ್ಲಿಮ್‌ನ ವರದಿಯ ಪ್ರಕಾರ ಉಮರ್(ರ) ಬಳಿಕ ಮಸೀದಿಯ ಬಾಗಿಲಲ್ಲಿ ನಿಂತು, ವಿಚ್ಛೇದನ ನಡೆದಿಲ್ಲವೆಂದು ಗಟ್ಟಿಯಾಗಿ ಸಾರಿದರು.

ಹಾಗಾದರೆ ಆ ಸುದ್ದಿ ಹುಟ್ಟಿದ್ದು ಹೇಗೆ? ಪ್ರವಾದಿವರ್ಯರು(ಸ) ಒಂದು ತಿಂಗಳ ಕಾಲ ಪತ್ನಿಯರಿಂದ ದೂರವಿರುವುದಾಗಿ ಪ್ರತಿಜ್ಞೆ ಮಾಡಿದ್ದರು. ಅದು ನಿಜ. ಜನರು ಕಂಡದ್ದು ಅಷ್ಟೇ. ವಿಚ್ಛೇದನವೆಂಬುದು ಅವರ ಊಹೆ. ಕಂಡದ್ದು ಮತ್ತು ಊಹಿಸಿದ್ದು ಒಂದೇ ಮಾತಿನಲ್ಲಿ ಬೆರೆತು ಬಾಯಿಂದ ಬಾಯಿಗೆ ಸಾಗಿತು. ಹೆಚ್ಚಿನ ವದಂತಿಗಳ ಸ್ವರೂಪವೇ ಇದು. ಅಪ್ಪಟ ಸುಳ್ಳನ್ನು ಜನರು ಬೇಗನೇ ಗುರುತಿಸುತ್ತಾರೆ. ನಿಜದ ತುಂಡಿಗೆ ಹೊಲಿದ ಸುಳ್ಳನ್ನು ಗುರುತಿಸುವುದು ಕಷ್ಟ.

ನಮ್ಮ ನಾಡಿನಲ್ಲಿ ನಡೆದದ್ದು

ಇದು ಹಳೆಯ ಕಾಲದ ಕಥೆಯೆಂದು ಯಾರೂ ಭಾವಿಸಬೇಕಾಗಿಲ್ಲ. 2012ರ ಜುಲೈಯಲ್ಲಿ ಅಸ್ಸಾಮಿನ ಕೋಕ್ರಝಾರ್ ಪ್ರದೇಶದಲ್ಲಿ ಹಿಂಸೆ ಭುಗಿಲೆದ್ದಿತ್ತು. ಅದು ನಿಜ. ಅದರ ಬೆನ್ನಿಗೆ, ರಮಝಾನ್ ಮುಗಿದೊಡನೆ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆಯೆಂಬ ಎಸ್ಸೆಮ್ಮೆಸ್‌ಗಳು ಬೆಂಗಳೂರಿನಲ್ಲಿ ಹರಿದಾಡಿದವು. ಆಗಸ್ಟ್ ಮಧ್ಯದಲ್ಲಿ ಸಾವಿರಾರು ಮಂದಿ ಕೆಲಸ ಮತ್ತು ಓದನ್ನು ಬಿಟ್ಟು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳುಹಿಸದಂತೆ ಸರಕಾರವು ಕೆಲವು ದಿನಗಳ ಮಟ್ಟಿಗೆ ಮಿತಿ ಹೇರಿತು. ಓಡಿದವರು ಭಯದಿಂದ ನಲುಗಿದರು. ಇತ್ತ ಉಪವಾಸ ಹಿಡಿದು ತನ್ನ ಪಾಡಿಗೆ ತಾನಿದ್ದ ಒಂದು ಸಮುದಾಯದ ಮೇಲೆ ಸಂಶಯದ ಕರಿನೆರಳು ಬಿತ್ತು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್‌ಆ್ಯಪ್ ಮೂಲಕ ದೇಶದ ಹಲವೆಡೆ ಹಬ್ಬಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವೊಂದು ಅದರ ಜೊತೆ ಓಡಾಡಿತು. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ, ಹೆತ್ತವರನ್ನು ಎಚ್ಚರಿಸಲಿಕ್ಕಾಗಿ ತಯಾರಿಸಿದ ಚಿತ್ರ. ಅದರ ಕೊನೆಯಲ್ಲಿ ಮಗುವನ್ನು ಮರಳಿ ತಂದುಬಿಡುತ್ತಾರೆ. ಆ ಕೊನೆಯ ಭಾಗವನ್ನೇ ಯಾರೋ ಕತ್ತರಿಸಿ ತೆಗೆದಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಓರ್ವ ಯುವಕನನ್ನು ಮಕ್ಕಳ ಕಳ್ಳನೆಂದು ಸಂಶಯಿಸಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಬಂದಿದ್ದರು. ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದರು. ಅದು ನಿಜ. ಮಕ್ಕಳನ್ನು ಕದಿಯಲಿಕ್ಕಾಗಿ ಹಂಚಿದರೆಂಬುದು ಊಹೆ. ಆ ಊಹೆ ಅವರ ಕಾರಿಗಿಂತ ವೇಗವಾಗಿ ಮೊಬೈಲಿನಲ್ಲಿ ಸಾಗಿ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದ ಗುಂಪು ಅವರಲ್ಲೊಬ್ಬ ಯುವಕನ ಪ್ರಾಣ ತೆಗೆಯಿತು. ಇತರರು ತೀವ್ರವಾಗಿ ಗಾಯಗೊಂಡರು. ತಡೆಯಲು ಬಂದ ಪೊಲೀಸರೂ ಪೆಟ್ಟು ತಿಂದರು.

ಅಂದು ಕೈಯೆತ್ತಿದವರೆಲ್ಲ ಹುಟ್ಟಾ ಕೊಲೆಗಾರರಾಗಿರಲಿಲ್ಲ. ಅನೇಕರು ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಭಾವಿಸಿದ್ದರು. ಪವಿತ್ರ ಕುರ್‌ಆನ್ ಎಚ್ಚರಿಸಿದ್ದು ಇದನ್ನೇ. ಕರ್ಮಭ್ರಷ್ಟನು ಸುದ್ದಿ ತಂದಾಗ ವಿಚಾರಿಸಿ ನೋಡಬೇಕು, ಇಲ್ಲವಾದರೆ ಅಜ್ಞಾನದಿಂದ ಒಂದು ಜನವಿಭಾಗಕ್ಕೆ ಹಾನಿಯೆಸಗಿ ಆ ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂದು ಅದು ಹೇಳುತ್ತದೆ (ಅಲ್‌ಹುಜುರಾತ್: 6). ಪಶ್ಚಾತ್ತಾಪದಿಂದ ಮನಸ್ಸು ಶುದ್ಧವಾದೀತು. ಆದರೆ ಹೋದ ಜೀವ ಮರಳಿ ಬಾರದು.

ಹೆಸರಿರುವ ಸುದ್ದಿ, ಹೆಸರಿಲ್ಲದ ಸುದ್ದಿ

ಇಲ್ಲಿ ಮುಸ್ಲಿಮ್ ಸಮುದಾಯದ ಜ್ಞಾನ ಪರಂಪರೆಯತ್ತ ಗಮನ ಹರಿಸಬೇಕು. ಹದೀಸ್ ವಿದ್ವಾಂಸರು ಒಂದು ವಚನವನ್ನು ಅದು ಸುಂದರವಾಗಿದೆಯೆಂದು ಸ್ವೀಕರಿಸುತ್ತಿರಲಿಲ್ಲ. ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ಇಬ್ಬರೂ ಭೇಟಿಯಾಗಿದ್ದರೇ, ಅವರ ನೆನಪು ಹೇಗಿತ್ತು, ಸತ್ಯನಿಷ್ಠೆ ಹೇಗಿತ್ತು ಎಂದು ಒಂದೊಂದು ಕೊಂಡಿಯನ್ನೂ ಪರೀಕ್ಷಿಸುತ್ತಿದ್ದರು. ಈ ಸರಣಿಗೆ ಸನದ್ ಎನ್ನುತ್ತಾರೆ. ಹ. ಜಾಬಿರ್ ಬಿನ್ ಅಬ್ದುಲ್ಲಾ(ರ)ರವರು ಒಂದೇ ಒಂದು ಹದೀಸ್‌ಗಾಗಿ ಒಂದು ತಿಂಗಳು ಪ್ರಯಾಣ ಮಾಡಿ ಹ. ಅಬ್ದುಲ್ಲಾ ಬಿನ್ ಉನೈಸ್‌(ರ)ರನ್ನು ಕಂಡರು. ಆ ಹದೀಸ್ ಇತರರ ಮೂಲಕ ಅವರನ್ನು ಮೊದಲೇ ತಲಪಿತ್ತು. ಪ್ರವಾದಿವರ್ಯರಿಂದ(ಸ) ನೇರವಾಗಿ ಕೇಳಿದವರ ಬಾಯಿಯಿಂದಲೇ ಅದನ್ನು ಕೇಳಬೇಕೆಂಬುದು ಅವರ ಹಂಬಲವಾಗಿತ್ತು.

ಇಂದು ನಮ್ಮನ್ನು ತಲಪುವ ಸಂದೇಶಗಳನ್ನು ಇದರೊಂದಿಗೆ ಹೋಲಿಸಿರಿ. ಬೇರೆಡೆಯಿಂದ ಬಂದ ಸಂದೇಶದ ಮೇಲೆ 'ಫಾರ್ವರ್ಡ್' ಎಂಬ ಗುರುತನ್ನು ವಾಟ್ಸ್‌ಆ್ಯಪ್ 2018ರಲ್ಲಿ ಜಾರಿಗೆ ತಂದಿತು. ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಭಾರತದಲ್ಲಿ ಮಿತಿ ಹಾಕಿದ್ದೂ ಅದೇ ವರ್ಷ. ಒಳ್ಳೆಯದೇ. ಆದರೆ ಆ ಗುರುತು ಹೇಳುವುದು ಇಷ್ಟನ್ನೇ: ಇದನ್ನು ಬರೆದವರು ಕಳುಹಿಸಿದವರಲ್ಲ. ಬರೆದವರು ಯಾರೆಂದು ಅದು ಹೇಳುವುದಿಲ್ಲ. ಅಂದರೆ ಸರಣಿಯ ಕೊನೆಯ ಕೊಂಡಿ ಮಾತ್ರ ನಮಗೆ ಕಾಣುತ್ತದೆ. ಆ ಕೊಂಡಿ ನಮ್ಮ ಚಿಕ್ಕಪ್ಪನೋ ಗೆಳೆಯನೋ ಆಗಿರುವುದರಿಂದ ನಾವು ಇಡೀ ಸರಣಿಯನ್ನೇ ನಂಬಿಬಿಡುತ್ತೇವೆ. ಚಿಕ್ಕಪ್ಪ ಸಜ್ಜನರೇ ಇರಬಹುದು. ಆದರೆ ಅವರು ಅದನ್ನು ಕಂಡಿದ್ದಾರೆಯೇ?

ಪತ್ರಿಕೆಗಳು ತಪ್ಪು ಮಾಡುವುದಿಲ್ಲವೆಂದು ಇದರ ಅರ್ಥವಲ್ಲ. ಟಿ.ವಿ.ಯ ಅಬ್ಬರವು ಅನೇಕ ಬಾರಿ ಬೆಂಕಿಗೆ ತುಪ್ಪ ಸುರಿದಿದೆ. ಆದರೂ 1867ರ ಕಾಯಿದೆಯ ಕಾಲದಿಂದಲೂ ನಮ್ಮ ದೇಶದ ಪತ್ರಿಕೆಗಳು ಮುದ್ರಕ ಮತ್ತು ಪ್ರಕಾಶಕರ ಹೆಸರನ್ನು ಪ್ರತಿಯೊಂದು ಪ್ರತಿಯಲ್ಲೂ ಅಚ್ಚು ಹಾಕುತ್ತಾ ಬಂದಿವೆ. ತಪ್ಪಾದರೆ ಹಿಡಿದು ಕೇಳಲು ಅಲ್ಲಿ ಒಬ್ಬ ಮನುಷ್ಯನಿದ್ದಾನೆ. ಹೆಸರಿಲ್ಲದ ಸಂದೇಶಕ್ಕೆ ಅಂತಹ ವಾರಸುದಾರನಿಲ್ಲ. ನಾವು ಅದನ್ನು ಮುಂದೆ ಕಳುಹಿಸಿದ ಕ್ಷಣದಿಂದ ನಾವೇ ಅದರ ವಾರಸುದಾರರು.

ಕೇಳಿದ್ದನ್ನೆಲ್ಲ ಹೇಳುತ್ತಾ ತಿರುಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬ ಆಶಯದ ಪ್ರವಾದಿ ವಚನವನ್ನು ಇಮಾಮ್ ಮುಸ್ಲಿಮ್ ತಮ್ಮ ಗ್ರಂಥದ ಮುನ್ನುಡಿಯಲ್ಲಿಯೇ ಉಲ್ಲೇಖಿಸಿದ್ದಾರೆ. ಹ. ಆಯಿಶಾ(ರ)ರ ಮೇಲೆ ಹೊರಿಸಲಾದ ಅಪವಾದದ ಬಗ್ಗೆ ಹೇಳುವಾಗ, ಜನರು ಆ ಸುದ್ದಿಯನ್ನು ನಾಲಗೆಗಳಿಂದ ಪಡೆದರೆಂದು ಕುರ್‌ಆನ್ ವರ್ಣಿಸಿದೆ (ಅನ್ನೂರ್: 15). ಸುದ್ದಿಯನ್ನು ಪಡೆಯುವುದು ಕಿವಿ. ಆದರೆ ಅಂದು ಅದು ಕಿವಿಯಲ್ಲಿ ನಿಲ್ಲಲಿಲ್ಲ, ಮನಸ್ಸಿಗೆ ಇಳಿಯಲಿಲ್ಲ, ನೇರವಾಗಿ ನಾಲಗೆಗೆ ಹಾರಿತು. ಇಂದು ಅದು ಕಣ್ಣಿನಿಂದ ನೇರವಾಗಿ ಹೆಬ್ಬೆರಳಿಗೆ ಹಾರುತ್ತದೆ.

ಧರ್ಮದ ಹೆಸರಿನ ಸಂದೇಶಗಳಲ್ಲಿಯೂ ಈ ಎಚ್ಚರ ಅಗತ್ಯ. ಇದನ್ನು ಹತ್ತು ಮಂದಿಗೆ ಕಳುಹಿಸಿದರೆ ಶುಭವಾರ್ತೆ ಬರುವುದು, ಕಳುಹಿಸದಿದ್ದರೆ ಕೇಡಾಗುವುದು ಎಂಬ ಬರಹಗಳಿಗೆ ಹದೀಸಿನ ಲೇಬಲ್ ಹಚ್ಚಿ ಹಂಚುವವರಿದ್ದಾರೆ. ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಪ್ರವಾದಿವರ್ಯರು(ಸ) ಹೇಳದ ಮಾತನ್ನು ಅವರ ಹೆಸರಿಗೆ ಕಟ್ಟುವುದು ಪುಣ್ಯವಾಗದು. ಅದು ನರಕದ ಎಚ್ಚರಿಕೆಯಿರುವ ಮಹಾಪಾಪ.

ನಾವು ಮಾಡಬೇಕಾದುದೇನು?

ಸುದ್ದಿಯೊಂದು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದನ್ನು ಸ್ವತಃ ಕಂಡವರು ಯಾರು? ಇದು ಎಲ್ಲಿ, ಯಾವಾಗ ನಡೆಯಿತು? ಇದರಲ್ಲಿ ಕಂಡದ್ದೆಷ್ಟು, ಊಹೆಯೆಷ್ಟು? ಉತ್ತರ ಸಿಗದಿದ್ದರೆ ಅದು ನಿಮ್ಮಲ್ಲಿಯೇ ನಿಲ್ಲಲಿ. ನಿಜವಾಗಿಯೂ ಅಪಾಯವಿದೆಯೆಂದು ಅನಿಸಿದರೆ, ವಿಚಾರಿಸಿ ತಿಳಿಯಬಲ್ಲ ಹೊಣೆಗಾರರಿಗೆ ಮುಟ್ಟಿಸಿರಿ. ಶಾಂತಿ ಅಥವಾ ಭಯದ ಸುದ್ದಿ ಬಂದೊಡನೆ ಹಬ್ಬಿಸುವವರನ್ನು ಆಕ್ಷೇಪಿಸಿ ಕುರ್‌ಆನ್ ತೋರಿಸಿದ ದಾರಿಯೂ ಇದೇ (ಅನ್ನಿಸಾ: 83). ಇಂದು ಅದು ಪೊಲೀಸ್ ಠಾಣೆ ಇರಬಹುದು, ಊರಿನ ಹಿರಿಯರಿರಬಹುದು. ಐವತ್ತು ಮಂದಿಯ ಗ್ರೂಪ್ ಖಂಡಿತ ಅಲ್ಲ.

ಈಗಾಗಲೇ ಕಳುಹಿಸಿದ ಸುದ್ದಿ ಸುಳ್ಳೆಂದು ತಿಳಿದರೆ ಮೌನವಾಗಿ ಅಳಿಸಿ ಕೂರಬೇಡಿರಿ. ವದಂತಿ ಎಲ್ಲಿ ಹಬ್ಬಿತ್ತೋ ಅಲ್ಲಿಯೇ ನಿಂತು ಉಮರ್(ರ) ನಿಜವನ್ನು ಸಾರಿದರು. ನೀವೂ ಎಲ್ಲಿಗೆ ಕಳುಹಿಸಿದ್ದಿರೋ ಅಲ್ಲಿಗೇ ತಿದ್ದುಪಡಿಯನ್ನು ಕಳುಹಿಸಿರಿ. ಸ್ವಲ್ಪ ನಾಚಿಕೆಯಾದೀತು. ಆ ನಾಚಿಕೆಯಿಂದ ಒಬ್ಬ ನಿರಪರಾಧಿಯ ಪ್ರಾಣ ಉಳಿಯುವುದಾದರೆ ಅದು ಅಗ್ಗದ ಬೆಲೆ.

ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದೂ, ಕಿವಿ, ಕಣ್ಣು ಮತ್ತು ಹೃದಯ ಇವೆಲ್ಲವುಗಳ ಬಗ್ಗೆ ವಿಚಾರಣೆ ನಡೆಯಲಿದೆಯೆಂದೂ ಕುರ್‌ಆನ್ ಹೇಳಿದೆ (ಬನೀ ಇಸ್ರಾಈಲ್: 36). ಆ ದಿನ, ಎಲ್ಲರೂ ಕಳುಹಿಸಿದರು ನಾನೂ ಕಳುಹಿಸಿದೆ ಎಂಬ ಉತ್ತರ ಸಾಕಾದೀತೇ? ಮುಂದಿನ ಸಂದೇಶ ನಿಮ್ಮ ಕೈಗೆ ಬಂದಾಗ, ಅದನ್ನು ದಾಟಿಸುವ ಮೊದಲು ಯೋಚಿಸಿರಿ.